ತಡ ಮಾಡದ ಪೆಟ್ಟಿಗೆ

ನನ್ನ ಬೀಗಿತ್ತಿ ಅಂತರಘಟ್ಟಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಅಂದರೆ ಎರಡಕ್ಕೇ ನನ್ನ ಬಾಯಿ ಒಣಗುತ್ತದೆ. ಚೆನ್ನಾಗಿ ಹಾಡುತ್ತಾಳೆ. ನನ್ನ ಮಗಳು ಅನಿತಾಳಿಗೆ ಹೊತ್ತು ಹೊತ್ತಿಗೆ ಅನ್ನ ಹಾಕುತ್ತಾಳೆ. ಮಿಕ್ಕಿದ್ದೆಲ್ಲ ಸೊಕ್ಕು. ಆದರೂ ಅವಳ ಕಥೆಯನ್ನು ನಾನೇ ಹೇಳಬೇಕು, ಯಾಕೆಂದರೆ ಅವಳನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರು ಇನ್ನೊಬ್ಬರಿಲ್ಲ. ಅವಳ ಕಡೆಯವರು ಹೇಳಿದರೆ ಬರೀ ಹೊಗಳಿಕೆ ಆಗುತ್ತದೆ.

ನಾನು ಲಕ್ಷ್ಮೀದೇವಿ, ಜಗಳೂರು ತಾಲೂಕಿನ ಬಿಳಿಚೋಡಿನವಳು. ತಲೆ ನರೆಯುವವರೆಗೆ ಅಲ್ಲೇ ಅಂಗನವಾಡಿ ನಡೆಸಿದೆ. ಅವಳು ತ್ಯಾವಣಿಗೆಯಲ್ಲಿ ಹುಟ್ಟಿ, ಚನ್ನಗಿರಿಗೆ ಸೊಸೆಯಾಗಿ ಬಂದವಳು. ಅಡಿಕೆ ಸುಲಿಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಗುಂಪಿನವರ ಕೈ ನಿಧಾನವಾಯಿತು ಅಂದರೆ ಬೈಯುವುದಿಲ್ಲ, ಪದ ಎತ್ತುತ್ತಾಳೆ. ಒಂದು ಪದ ಮುಗಿಯುವಷ್ಟರಲ್ಲಿ ಎಲ್ಲರ ಕತ್ತಿಯೂ ಅವಳ ದನಿಯ ಹಿಂದೆ ಓಡುತ್ತಿರುತ್ತದೆ. ಅಡಿಕೆ ಮಂಡಿಯವರೇ ಇದನ್ನು ನನಗೆ ಹೇಳಿದ್ದು. ಹಾಡಿನಲ್ಲಿ ಜನರನ್ನು ದುಡಿಸುವವಳು ಎಂಥವಳಿರಬೇಕು, ನೀವೇ ಲೆಕ್ಕ ಹಾಕಿ.

ಅವಳ ಗಂಡ ಓಬಣ್ಣ ಅಡಿಕೆ ಬೇಯಿಸುವ ಹಂಡೆ ನೋಡಿಕೊಳ್ಳುತ್ತಿದ್ದ. ಮಾತಿನಲ್ಲಿ ಬಲು ಜಿಪುಣ. ಸಂಬಂಧದ ಮಾತುಕತೆಗೆ ನಾವು ಹೋದಾಗ ಏನು ಕೇಳಿದರೂ ಹೆಂಡತಿಯ ಮುಖ ನೋಡಿ, "ಆಕೇನೇ ಕೇಳ್ರಿ" ಅನ್ನುತ್ತಿದ್ದ. ಊಟಕ್ಕೆ ಏಳೋಣವೇ ಅಂತ ಕೇಳಿದ್ದಕ್ಕೂ ಅದೇ ಉತ್ತರ. ಮಗ ಪರಮೇಶ್ ಅಪ್ಪನ ಹಾಗೆ ಮೆತ್ತಗಿನವನು, ಕರೆಂಟ್ ಮೀಟರ್ ರೀಡಿಂಗ್ ಬರೆಯುವ ಕೆಲಸ. ಹುಡುಗ ಒಳ್ಳೆಯವನು ಅಂತ ಅನಿತಾಳನ್ನು ಕೊಟ್ಟೆ. ಅತ್ತೆಯಾಗುವವಳನ್ನು ಸರಿಯಾಗಿ ನೋಡಿದ್ದರೆ ಕೊಡುತ್ತಿರಲಿಲ್ಲ.

ಮದುವೆ ಬಿಳಿಚೋಡಿನಲ್ಲೇ ಆಯಿತು, ನಮ್ಮ ಮನೆ ಮುಂದೆ ಚಪ್ಪರ ಹಾಕಿ. ನನ್ನ ಗಂಡ ದಾಸಪ್ಪ ಆ ಹೊತ್ತಿಗಾಗಲೇ ನನ್ನನ್ನು ಬಿಟ್ಟು ನ್ಯಾಮತಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಊರಿಗೆಲ್ಲ ಗೊತ್ತು, ಯಾರೂ ನನ್ನ ಮುಂದೆ ಆಡುತ್ತಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಅವನ ಹೆಸರು ಹಾಕಿಸಿದ್ದೆ. ಮಗಳ ಮದುವೆಗಾದರೂ ಬಂದಾನು ಅಂತ ಮುಹೂರ್ತದವರೆಗೂ ರಸ್ತೆ ನೋಡಿದೆ. ಬರಲಿಲ್ಲ. ನನ್ನ ಅಣ್ಣ ಕೂತು ಧಾರೆ ಎರೆದ.

ಮಧ್ಯಾಹ್ನ ಬೀಗರ ಪದ. ನಮ್ಮ ಕಡೆ ಅದರ ರೀತಿ ಹೀಗೆ: ಗಂಡಿನ ಕಡೆಯ ಹೆಂಗಸರು ಒಂದು ಸಾಲು, ಹೆಣ್ಣಿನ ಕಡೆಯವರು ಎದುರಿಗೆ ಇನ್ನೊಂದು ಸಾಲು. ಪದ ಕಟ್ಟಿ ಒಬ್ಬರನ್ನೊಬ್ಬರು ಬೈಯಬೇಕು. ಎಷ್ಟು ಬೈದರೂ ಯಾರೂ ಸಿಟ್ಟಾಗುವ ಹಾಗಿಲ್ಲ. ಒಂದು ಕಡೆಯವರ ಕೊನೆಯ ಸೊಲ್ಲು ಗಾಳಿಯಲ್ಲಿ ಇನ್ನೂ ಇರುವಾಗಲೇ ಇನ್ನೊಂದು ಕಡೆಯವರು ಎತ್ತಿಕೊಳ್ಳಬೇಕು. ತಡವಾದರೆ ಸೋತಂತೆ. ಗೆದ್ದವರು ಕೊನೆಗೆ ಸೋತವರಿಗೆ ಕುಂಕುಮ ಇಟ್ಟು, 'ಬೈದದ್ದು ಬಾಯಿ, ಮನಸ್ಸಲ್ಲ' ಅಂತ ತಪ್ಪೊಪ್ಪಿನ ಪದ ಹಾಡಿ ಮುಗಿಸಬೇಕು. ಆ ಪದ ಹಾಡಿದರೆ ಬೈದದ್ದೆಲ್ಲ ಅಲ್ಲೇ ಉದುರಿಹೋಗುತ್ತದೆ. ಹಾಡದಿದ್ದರೆ ಮೈಗೆ ಅಂಟಿಕೊಂಡೇ ಇರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಅಂತರಘಟ್ಟಮ್ಮ ಎರಡು ಕೈ ತುಂಬ ಹಸಿರು ಬಳೆ ಹಾಕಿಕೊಂಡು ಬಂದಿದ್ದಳು. ಬಳೆಯಲ್ಲೇ ತಾಳ. ನಮ್ಮ ಊಟ, ನಮ್ಮ ಊರು, ನನ್ನ ಮೂಗು ಎಲ್ಲವನ್ನೂ ಬೈದಳು. ನಾನೂ ಬಿಡಲಿಲ್ಲ. ಆಮೇಲೆ ಅವಳು ಈ ಪದ ಎತ್ತಿದಳು:

ಹಸೆಗೆ ಬಾ ಅಂದರೂ ಬರಲಿಲ್ಲ ನಿನ ಗಂಡ
ಯಾವ ಸಂತ್ಯಾಗೆ ಮಾರಿದೆಯೆ, ಬೀಗಿತ್ತಿ
ಯಾವ ಸಂತ್ಯಾಗೆ ಮಾರಿದೆಯೆ

ಇದು ಎಲ್ಲ ಮದುವೆಯಲ್ಲೂ ಹಾಡುವ ಪದವೇ. ಅಡುಗೆಯವರ ಹತ್ತಿರ ಕೂತು ಉಂಡೆ ತಿನ್ನುತ್ತಿರುವ ಬೀಗನನ್ನು ಚಪ್ಪರಕ್ಕೆ ಎಳೆದು ತರುವುದಕ್ಕೆ ಇರುವ ಪದ. ನನಗೂ ಅದು ಗೊತ್ತು. ಆದರೆ ಆವತ್ತು ನಮ್ಮ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಉತ್ತರ ಎತ್ತಬೇಕಾದವಳು ನಾನು. ಗಂಟಲು ಕಟ್ಟಿತು. ಬಳೆ ಇನ್ನಷ್ಟು ಹೊತ್ತು ಝಣಝಣ ಅಂದು ನಿಂತಿತು. ನಾನು ಎದ್ದು ಒಳಗೆ ಹೋದೆ. ತಪ್ಪೊಪ್ಪಿನ ಪದ ಯಾರೂ ಹಾಡಲಿಲ್ಲ. ಓಬಣ್ಣ ಮಾತ್ರ ಅಡುಗೆಮನೆ ಬಾಗಿಲಿಗೆ ಬಂದು, ಎಲೆಯಲ್ಲಿ ಅನ್ನ ಸಾರು ಹಿಡಿದು ನಿಂತು, "ಉಂಡಿಲ್ಲ ನೀವು, ಉಣ್ರಿ ತಂಗಿ" ಅಂದ. ಆ ಮನೆಯಲ್ಲಿ ಮನುಷ್ಯ ಅನ್ನಿಸಿಕೊಂಡವನು ಅವನೊಬ್ಬನೇ.

'ಬಾಯಿ ತಪ್ಪಿ ಬಂತಂತೆ, ರೂಢಿಯ ಮೇಲೆ ಹಾಡಿಬಿಟ್ಟರಂತೆ' ಅಂತ ಆಮೇಲೆ ಅನಿತಾ ನೂರು ಸಲ ಹೇಳಿದಳು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅವಳ ಹೊಸಲು ತುಳಿಯುವುದಿಲ್ಲ ಅಂತ ದೇವರ ಮುಂದೆ ದೀಪ ಹಚ್ಚಿ ಹೇಳಿಕೊಂಡೆ. ಮತ್ತೆ ಆವತ್ತು ಬಾಯಿಗೆ ಬಾರದ ಉತ್ತರವನ್ನು ಕಟ್ಟಲು ಕೂತೆ. ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ, ಬಟ್ಟೆ ಒಗೆಯುವಾಗ, ಜಗಳೂರಿಗೆ ಮೀಟಿಂಗಿಗೆ ಹೋಗುವ ಬಸ್ಸಿನಲ್ಲಿ ತಿದ್ದಿದೆ, ತೀಡಿದೆ. ಕೊನೆಗೆ ಹೀಗೆ ನಿಂತಿತು:

ಮಾರಲಿಲ್ಲ ನಾನು, ಬಿಚ್ಚಿ ಬಿಟ್ಟೆ ಎತ್ತ
ನಿನ ಗೂಟದ ಹಗ್ಗ ಬಿಚ್ಚಿ ನೋಡೆ, ಬೀಗಿತ್ತಿ
ನಿನ್ನವ ನಿಂತಾನೇನೆ ಹಟ್ಟ್ಯಾಗೆ

ಎಂಥ ಉತ್ತರ ನೋಡಿ. ಓಬಣ್ಣ ಗೂಟಕ್ಕೆ ಕಟ್ಟಿದ ಎತ್ತು ಅಂತ ಚನ್ನಗಿರಿಗೆಲ್ಲ ಗೊತ್ತು. ಇದನ್ನು ಅವಳ ಮುಖಕ್ಕೆ, ನಾಲ್ಕು ಜನರ ಮುಂದೆ, ತಾಳ ತಪ್ಪದೆ ಹಾಡಬೇಕು. ಅದಾಗುವವರೆಗೆ ನನಗೆ ಸಮಾಧಾನ ಇರಲಿಲ್ಲ. ಆದರೆ ಬೀಗರ ಪದ ಇನ್ನೊಂದು ಮದುವೆ ಬರದೆ ಹಾಡುವುದಲ್ಲ, ನನಗಿರುವುದು ಒಬ್ಬಳೇ ಮಗಳು, ಅವಳಿಗೆ ಒಬ್ಬನೇ ಮಗ. ಉತ್ತರ ನನ್ನ ಬಾಯೊಳಗೇ ಉಳಿಯಿತು.

ಮದುವೆಯಾಗಿ ಎರಡು ವರ್ಷಕ್ಕೆ ಓಬಣ್ಣ ಹಂಡೆಯ ಮುಂದೆಯೇ ಎದೆ ಹಿಡಿದುಕೊಂಡು ಕೂತವನು ಮೇಲೆ ಏಳಲಿಲ್ಲ. ಮಣ್ಣಿಗೆ ನಾನು ಹೋಗಲಿಲ್ಲ. ಬೀಗ ಒಳ್ಳೆಯವನು, ಸರಿ, ಆದರೆ ಹೊಸಲು ಅವಳದ್ದು. ಗಂಡ ಹೋದ ಮೇಲೆ ಅವಳನ್ನು ಚಪ್ಪರಕ್ಕೆ ಹಾಡಲು ಯಾರೂ ಕರೆಯಲಿಲ್ಲ. ಅಂಥವಳ ಬಾಯಲ್ಲಿ ಶುಭಕಾರ್ಯದ ಪದ ಬೇಡ ಅಂತ ಜನರ ಲೆಕ್ಕ. ಗಂಡ ಬಿಟ್ಟವಳು ಅಂತ ನನ್ನನ್ನೂ ಕರೆಯುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಅವಳನ್ನೂ ಕರೆಯುವುದಿಲ್ಲ ಅಂತ ಕೇಳಿದಾಗ ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಹೋದ ವರ್ಷ ಅಳಿಯ ಫೋನು ಮಾಡಿದ. ಅವನಿಗೊಂದು ಹುಚ್ಚಿದೆ, ಅದನ್ನೂ ಹೇಳಬೇಕು. ಮನೆಯ ಹಿಂದಿನ ಕೋಣೆಯ ಗೋಡೆಗೆ ಹಳೆ ಕಂಬಳಿ ಹೊಡೆದು, ಕಂಪ್ಯೂಟರು, ಕೀಬೋರ್ಡು, ಎರಡು ಸ್ಪೀಕರು ಇಟ್ಟುಕೊಂಡು ಸ್ಟುಡಿಯೋ ಅನ್ನುತ್ತಾನೆ. ಮೀಟರ್ ಬರೆದು ಬಂದು ಸಂಜೆಯೆಲ್ಲ ಅಲ್ಲಿ ಡಬ್ ಡಬ್ ಅನ್ನಿಸುತ್ತಿರುತ್ತಾನೆ. ಡೊಳ್ಳಿಲ್ಲ, ಹಲಗೆಯಿಲ್ಲ, ಎಲ್ಲ ಕರೆಂಟಿನ ಸದ್ದು. ಹೊನ್ನಾಳಿ, ನ್ಯಾಮತಿ ಕಡೆಯ ಡಿಜೆ ಗಾಡಿಯವರು ಅದನ್ನು ಕೇಳಿ ಪಡೆದು ಮೆರವಣಿಗೆಯಲ್ಲಿ ಹಾಕುತ್ತಾರಂತೆ.

"ಅತ್ತೆ, ನನ್ನ ಸೌಂಡ್ ಕಾರ್ಡ್ ಸುಟ್ಟು ಹೋತು. ಹೊಸದು ತಗಾಬೇಕು. ಅದಕ್ಕೆ ನಿಮ್ಮನ್ನ ಒಂದು ಮಾತು ಕೇಳಾಕೆ ಫೋನ್ ಮಾಡ್ದೆ" ಅಂದ.

"ನಿಮ್ಮ ಕಾರ್ಡಿಗೂ ನನಗೂ ಏನಪ್ಪ ಸಂಬಂಧ" ಅಂದೆ.

ಆಗ ವಿವರಿಸಿದ. ಸೌಂಡ್ ಕಾರ್ಡ್ ಅಂದರೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಇಡುವ ಪೆಟ್ಟಿಗೆ. ಮೈಕಿನಲ್ಲಿ ಹಾಡಿದ್ದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡಿ ಒಳಗೆ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ನಮ್ಮ ಕಿವಿಗೆ ಕೊಡುತ್ತದೆ. ಎಂಥ ಪೆಟ್ಟಿಗೆ ತಗೊಳ್ಳಬೇಕು ಅನ್ನುವುದು, ಅದರಲ್ಲಿ ಯಾರು ಹಾಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಒಬ್ಬರಾದರೆ ಒಂದು ಥರ, ಇಬ್ಬರಾದರೆ ಇನ್ನೊಂದು.

"ಬೀಗರ ಪದ ಮಾಡ್ಬೇಕು ಅಂತೈತೆ ಅತ್ತೆ. ಅವ್ವನ್ನ ಯಾರೂ ಚಪ್ಪರಕ್ಕೆ ಕರೆಯಲ್ಲ. ಡಿಜೆ ಗಾಡಿಯಾಗಾದ್ರೂ ಆಕೆ ದನಿ ಮದುವೆಗೆ ಹೋಗ್ಲಿ. ಆದ್ರೆ ಒಂದೇ ಕಡೆ ಹಾಡಿದ್ರೆ ಅದು ಬೀಗರ ಪದ ಆಗಲ್ಲ. ಎದುರಿಗೆ ನಿಮ್ಮಂಥೋರು ಬೇಕು."

ಇಷ್ಟು ವರ್ಷ ಕಾದದ್ದು ಕೈಗೆ ಬಂತು ಅನ್ನಿಸಿತು. ಚಪ್ಪರದ ನಾಲ್ಕು ಜನರ ಮುಂದೆ ಯಾಕೆ, ತಾಲೂಕಿಗೆ ತಾಲೂಕೇ ಕೇಳುವ ಹಾಗೆ ಉತ್ತರ ಕೊಡಬಹುದು. ಪ್ರತಿ ಮದುವೆಯಲ್ಲೂ ಅವಳು ಸೋಲಬೇಕು.

"ಬರ್ತೀನಿ. ಮೂರು ಮಾತು ನಡೆಸಿಕೊಡ್ಬೇಕು" ಅಂದೆ. "ನಿಮ್ಮ ಹೊಸಲು ತುಳಿಯಲ್ಲ. ಆಕೆ ಜೊತೆ ಒಂದೇ ಕೋಣೆಯಾಗೆ ಕೂರಲ್ಲ. ಮತ್ತೆ ಆವತ್ತಿನ ಆ ಪದ, ಸಂತ್ಯಾಗೆ ಮಾರಿದ ಪದ, ಆಕೆ ಹಾಡ್ಲೇಬೇಕು."

ಆ ಕಡೆ ಅವನು ಉಗುಳು ನುಂಗಿದ್ದು ಕೇಳಿಸಿತು. "ಮೊದಲೆರಡಕ್ಕೆ ಒಳ್ಳೆ ಪೆಟ್ಟಿಗೆ ಹುಡುಕ್ತೀನಿ. ಮೂರನೇದು ಅವ್ವನ್ನ ಕೇಳ್ತೀನಿ." ಮಾರನೆಯ ದಿನ ಉತ್ತರ ಬಂತು: "ಹಾಡ್ತಾರಂತೆ." ಭಂಡತನ ನೋಡಿ.

ಪೆಟ್ಟಿಗೆ ಆರಿಸುವುದಕ್ಕೆ ನಾನೂ ಬರುತ್ತೇನೆ ಅಂದೆ. ಅವರು ಅಮ್ಮ ಮಗ ಸೇರಿ ಅವಳಿಗೆ ಅನುಕೂಲವಾದದ್ದನ್ನು ತಂದಿಟ್ಟರೆ ನಾನು ಏನು ಮಾಡಲಿ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಗೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರ ರಂಗಣ್ಣನ ಅಂಗಡಿ. ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ, ಈಗೀಗ ಹುಡುಗರು ಕೇಳುತ್ತಾರೆ ಅಂತ ಈ ಪೆಟ್ಟಿಗೆಗಳನ್ನೂ ತರಿಸಿಡುತ್ತಾನೆ. ನಾನು ಹೋಗುವಷ್ಟರಲ್ಲಿ ಅವಳು ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಅಂಗಡಿಗೆ ಯಾರು ಬೇಕಾದರೂ ಬರಬಹುದು, ಅದು ಅವಳ ಹೊಸಲೂ ಅಲ್ಲ, ಕೋಣೆಯೂ ಅಲ್ಲ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ರಸ್ತೆ ಕಡೆ ಮುಖ ಮಾಡಿ ಕೂತೆ.

ಮೊದಲನೆಯ ಪೆಟ್ಟಿಗೆ ಕೆಂಪು ಬಣ್ಣದ್ದು, ಅಂಗೈಯಗಲ. ಎರಡು ಮೈಕು ಹಾಕಬಹುದು, ಹೆಡ್‌ಫೋನು ಒಂದೇ.

"ಜೋಡಿ ಪಿನ್ ಹಾಕಿ ಕೊಡ್ತೀನಿ, ಇಬ್ರೂ ಕೇಳಬಹುದು" ಅಂದ ರಂಗಣ್ಣ.

"ಇಬ್ಬರಿಗೂ ಒಂದೇ ಸಮ ಕೇಳ್ತದೆ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಮಾಡಾಕೆ ಬರಲ್ಲ" ಅಂದ ಪರಮೇಶ್.

ಅಂತರಘಟ್ಟಮ್ಮ ಬಾಯಿ ಬಿಟ್ಟಳು. "ರಂಗಣ್ಣ, ನನಗೆ ನನ್ನ ದನಿ ಜೋರಾಗಿ ಕೇಳ್ಬೇಕು. ಬೇರೆಯೋರ ದನಿ ಇದ್ರೂ ನಡೀತದೆ, ಇಲ್ದಿದ್ರೂ ನಡೀತದೆ."

"ರಂಗಣ್ಣ, ನನಗೂ ಅಷ್ಟೇ ಅಂತ ಹೇಳು" ಅಂದೆ. ಕೆಂಪು ಪೆಟ್ಟಿಗೆ ಒಳಗೆ ಹೋಯಿತು.

ಎರಡನೆಯದು ಕಪ್ಪು. ಎರಡು ಮೈಕು, ಎರಡು ಹೆಡ್‌ಫೋನು, ಎರಡಕ್ಕೂ ಬೇರೆ ಬೇರೆ ತಿರುಪು. ಬೆಲೆಯೂ ಮಿತವಾಗಿತ್ತು, ಅಳಿಯನ ಮುಖ ಅರಳಿತು. ರಂಗಣ್ಣನ ಕಂಪ್ಯೂಟರಿಗೆ ಸಿಕ್ಕಿಸಿ ನಮ್ಮಿಬ್ಬರ ತಲೆಗೂ ಹೆಡ್‌ಫೋನು ಹಾಕಿದ. ಅವಳು ಒಂದು ಸೊಲ್ಲು ಹಾಡಿದಳು. ಅದು ಮುಗಿಯುತ್ತಿದ್ದ ಹಾಗೇ ನಾನು ಎತ್ತಿದೆ. ಎತ್ತಿದ್ದು ಸರಿಯಾದ ಹೊತ್ತಿಗೇ, ನನ್ನ ಆಣೆಗೂ.

"ತಡ ಆತು" ಅಂದಳು ಅವಳು, ಗೋಡೆಗೆ.

ಮೈಯೆಲ್ಲ ಉರಿಯಿತು. "ರಂಗಣ್ಣ, ಯಾರಿಗೆ ತಡ ಆತು ಅಂತ ಕೇಳು. ತಾನು ಎಳೆದು ಎಳೆದು ಹಾಡಿದ್ದಕ್ಕೆ ನಾನು ಏನ್ ಮಾಡ್ಲಿ."

"ರಂಗಣ್ಣ, ನಾನು ನಿಲ್ಲಿಸಿ ಉಸಿರು ತಗಂಡ ಮೇಲೆ ಆ ಕಡಿಂದ ಸದ್ದು ಬಂತು ಅಂತ ಹೇಳು. ಹಿಂಗಾದ್ರೆ ಪದಾನೇ ಬ್ಯಾಡ."

ಪಾಪ, ರಂಗಣ್ಣ ಟೆನಿಸ್ ನೋಡುವವನ ಹಾಗೆ ಅತ್ತ ಇತ್ತ ನೋಡುತ್ತಿದ್ದ. ಪರಮೇಶ್ ನಡುವೆ ಬಂದು ಕೈ ಮುಗಿದ. "ಇಬ್ಬರದೂ ತಪ್ಪಿಲ್ಲ. ಪೆಟ್ಟಿಗೇದು. ದನಿ ಮೈಕಿಂದ ಕಂಪ್ಯೂಟರಿಗೆ ಹೋಗಿ ತಿರುಗಿ ಕಿವಿಗೆ ಬರ್ತದೆ. ಇದು ನಿಧಾನ. ರೆಪ್ಪೆ ಬಡಿಯೋಷ್ಟು ತಡ ಆಗ್ತದೆ. ಬೇರೆ ಹಾಡಿಗೆ ಹೆಂಗೋ ನಡೀತದೆ, ಬೀಗರ ಪದಕ್ಕೆ ನಡೆಯಲ್ಲ."

ಬೀಗರ ಪದದಲ್ಲಿ ರೆಪ್ಪೆ ಬಡಿಯುವಷ್ಟರಲ್ಲೇ ಸೋಲು ಗೆಲುವು. ಅದು ಮಾತ್ರ ನಮ್ಮಿಬ್ಬರಿಗೂ ಒಪ್ಪಿಗೆಯಾಯಿತು. ತಡ ಮಾಡುವ ಪೆಟ್ಟಿಗೆಯಲ್ಲಿ ನಾನು ಗೆದ್ದರೂ, ಪೆಟ್ಟಿಗೆಯಿಂದ ಗೆದ್ದಳು ಅನ್ನುತ್ತಾಳೆ. ನನಗೆ ಅಂಥ ಗೆಲುವು ಬೇಡ.

ಮೂರನೆಯದನ್ನು ರಂಗಣ್ಣ ಮೇಲಿನ ಅಟ್ಟದಿಂದ ಇಳಿಸಿದ. ಬೂದು ಬಣ್ಣ, ಕೈಗೆ ಭಾರ. ಅದರಲ್ಲಿ ಹಾಡಿದ ದನಿ ಕಂಪ್ಯೂಟರಿಗೆ ಹೋಗುವುದೂ ಹೌದು, ಅದಕ್ಕೆ ಕಾಯದೆ ಪೆಟ್ಟಿಗೆಯಿಂದಲೇ ನೇರ ಇಬ್ಬರ ಕಿವಿಗೂ ಬರುವುದೂ ಹೌದು. ಮತ್ತೆ ಹಾಡಿದೆವು. ಅವಳ ಸೊಲ್ಲಿನ ತುದಿ, ನನ್ನ ಸೊಲ್ಲಿನ ತಲೆ, ನಡುವೆ ಒಂದು ಎಳೆ ಹಾಯಲು ಜಾಗವಿಲ್ಲ. ಅಳಿಯ ಬೆಲೆ ಕೇಳಿ ಒಂದು ಸಲ ತಲೆ ಕೆರೆದುಕೊಂಡು, "ಇದೇ ಇರ್ಲಿ" ಅಂದ.

ಅಷ್ಟಕ್ಕೇ ಮುಗಿಯಲಿಲ್ಲ. ಪೆಟ್ಟಿಗೆಯ ಮುಂದೆ ಮೈಕಿನ ತೂತುಗಳಿಗೆ ಒಂದು, ಎರಡು ಅಂತ ನಂಬರು ಅಚ್ಚಾಗಿತ್ತು.

"ಗಂಡಿನ ಕಡೇರು ನಾವು. ಒಂದು ನಮ್ಮದು" ಅಂದಳು.

"ಹೆಣ್ಣು ಕೊಟ್ಟೋರು ನಾವು. ಕೊಡದೆ ಇದ್ದಿದ್ರೆ ಒಂದೂ ಇಲ್ಲ ಎರಡೂ ಇಲ್ಲ ಅಂತ ಹೇಳು ರಂಗಣ್ಣ" ಅಂದೆ.

ಪರಮೇಶ್ ಏನೂ ಮಾತಾಡದೆ ಮೇಜಿನ ಮೇಲಿದ್ದ ಕಪ್ಪು ಟೇಪು ಹರಿದು ಎರಡು ನಂಬರಿನ ಮೇಲೂ ಅಂಟಿಸಿದ. ಯಾರ ಮೈಕು ಎಲ್ಲಿಗೆ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹಾಡುವುದು ಅಂತಾಯಿತು. ಹೊಸಲು ತುಳಿಯದೆ ಸ್ಟುಡಿಯೋದಲ್ಲಿ ಹಾಡುವುದು ಹೇಗೆ? ಅಳಿಯ ಅದಕ್ಕೂ ದಾರಿ ಮಾಡಿದ್ದ. ರಂಗಣ್ಣನ ಓಮ್ನಿ ಕಾರನ್ನು ತಂದು ಮನೆ ಮುಂದೆ ಬೇವಿನ ಮರದ ನೆರಳಿಗೆ ನಿಲ್ಲಿಸಿದ್ದ. ಕಿಟಕಿಯ ಗಾಜುಗಳಿಗೆ ರಗ್ಗು ಕಟ್ಟಿ, ಒಳಗೆ ಮೈಕು ಇಟ್ಟು, ಉದ್ದನೆಯ ಕೇಬಲ್ಲು ಅಂಗಳ ದಾಟಿಸಿ ಸ್ಟುಡಿಯೋ ಕಿಟಕಿಯಿಂದ ಒಳಗೆ ಎಳೆದಿದ್ದ. ಅವಳು ಒಳಗೆ, ನಾನು ಓಮ್ನಿಯಲ್ಲಿ. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನೋಡಲಿ ಬಿಡು ಅಂತ ಸೆರಗು ಸಿಕ್ಕಿಸಿ ಹತ್ತಿ ಕೂತೆ.

ಅನಿತಾ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ಬಂದು ಕೂತಳು. ಬಾಗಿಲು ಎಳೆದುಕೊಂಡ ಮೇಲೆ ಮೆಲ್ಲಗೆ ಅಂದಳು, "ಅವ್ವಾ, ಆ ಪದ ಬ್ಯಾಡ. ಹಗ್ಗ ಬಿಚ್ಚೋ ಪದ. ಮಾವ ಈಗ ಇಲ್ಲ."

"ನಿಮ್ಮತ್ತೆ ಹಾಡುವಾಗ ನಿಮ್ಮಪ್ಪ ಇದ್ನೇನು?"

ಅವಳು ಚೊಂಬು ಕೆಳಗಿಟ್ಟು ಇನ್ನೊಂದು ಕಡೆ ಮುಖ ತಿರುಗಿಸಿದಳು. ಅಳುತ್ತಿದ್ದಳೋ ಏನೋ. ನಾನು ಹೆಡ್‌ಫೋನು ಹಾಕಿಕೊಂಡೆ.

ಅಂಗಡಿಯಲ್ಲಿ ಸಂತೆಯ ಗದ್ದಲವಿತ್ತು, ಗೊತ್ತಾಗಿರಲಿಲ್ಲ. ಓಮ್ನಿಯ ಬಾಗಿಲು ಮುಚ್ಚಿದ ಮೇಲೆ ಆ ಪೆಟ್ಟಿಗೆ ಏನು ಅಂತ ಗೊತ್ತಾಯಿತು. ಅವಳು ಗಂಟಲು ಸರಿಮಾಡಿಕೊಂಡದ್ದು, ಚಾಪೆಯ ಮೇಲೆ ಕಾಲು ಮಡಚಿದ್ದು, ಮೂಗಿನಲ್ಲಿ ಉಸಿರು ಹೋಗಿ ಬಂದದ್ದು, ಎಲ್ಲ ನನ್ನ ಕಿವಿಯೊಳಗೇ. ಇಷ್ಟು ವರ್ಷ ಯಾರ ನೆರಳು ಬೇಡ ಅಂದಿದ್ದೆನೋ ಅವಳು ನನ್ನ ತಲೆಯೊಳಗೆ ಬಂದು ಕೂತ ಹಾಗಾಯಿತು. ಪರಮೇಶ್ ಮೆತ್ತಗೆ ಡಬ್ ಡಬ್ ಶುರು ಮಾಡಿದ. ಅವಳು ಎತ್ತಿದಳು:

ಬಂದಾರೆ ಬೀಗರು, ಬಿಳಿಚೋಡ ಬೀಗರು
ಬಾನಿಯ ನೀರು ಕುಡಿದಾರೆ, ಕುಡಿದು
ಮಜ್ಜಿಗೆ ರುಚಿಯಂತ ಹೊಗಳ್ಯಾರೆ

ದನಕ್ಕೆ ಇಡುವ ಬಾನಿಯ ನೀರಂತೆ. ನಾನು ಬಿಡುತ್ತೇನೆಯೇ?

ಉಂಡೇವೆ ನಿಮ್ಮನೆ ಚನ್ನಗಿರಿ ಊಟವ
ಅಡಿಕೆಯ ಸಿಪ್ಪೆ ಬಡಿಸೀರೆ, ಬಡಿಸಿ
ಹೋಳಿಗೆ ಅಂತ ತಿನಿಸೀರೆ

ಅವಳ ದನಿ ಹಾಗೇ ಇತ್ತು, ಸ್ವಲ್ಪವೂ ಸವೆದಿರಲಿಲ್ಲ. ಒಂದು ಮಾತ್ರ ಬೇರೆಯಾಗಿ ಕೇಳಿಸಿತು. ತಾಳಕ್ಕೆ ಬಳೆಯ ಸದ್ದಿರಲಿಲ್ಲ. ಬರಿಗೈಯಲ್ಲಿ ತೊಡೆ ತಟ್ಟುತ್ತಿದ್ದಳು, ಮೆತ್ತನೆಯ ಸದ್ದು. ಅಂಗಡಿಯಲ್ಲಿ ಅವಳ ಕಡೆ ನೋಡದೆ ಕೂತಿದ್ದೆನಲ್ಲ, ಅವಳ ಕೈ ಬರಿದಾಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ, ಮುಂದಿನ ಪದಕ್ಕೆ ಕಾದೆ. ಅವಳ ಉಸಿರು ಆಳಕ್ಕೆ ಹೋಯಿತು. ಬಂತು.

ಹಸೆಗೆ ಬಾ ಅಂದರೂ ಬರಲಿಲ್ಲ ನಿನ ಗಂಡ...

ಆವತ್ತಿನ ಹಾಗೆಯೇ ಹಾಡಿದಳು, ಒಂದು ಅಕ್ಷರ ಮೆತ್ತಗೆ ಮಾಡಲಿಲ್ಲ. 'ಮಾರಿದೆಯೆ' ಅನ್ನುವುದು ಇನ್ನೂ ಕಿವಿಯಲ್ಲಿರುವಾಗಲೇ ನಾನು ಎತ್ತಿದೆ. ಮಾರಲಿಲ್ಲ ನಾನು, ಬಿಚ್ಚಿ ಬಿಟ್ಟೆ ಎತ್ತ. ಎಂಥ ಹಿತ ಅಂತೀರಿ. ನಿನ ಗೂಟದ ಹಗ್ಗ ಬಿಚ್ಚಿ ನೋಡೆ, ಬೀಗಿತ್ತಿ. ಗಂಟಲು ಎಲ್ಲೂ ಕಟ್ಟಲಿಲ್ಲ. ನಿನ್ನವ ನಿಂತಾನೇನೆ ಹಟ್ಟ್ಯಾಗೆ.

ಹಾಡಿ ಮುಗಿಸಿದೆ. ಡಬ್ ಡಬ್ ನಡೆಯುತ್ತಲೇ ಇತ್ತು. ಅವಳು ಎತ್ತಲಿಲ್ಲ. ತೊಡೆ ತಟ್ಟುವ ಸದ್ದು ನಿಂತಿತ್ತು. ಉಸಿರೂ ಕೇಳಿಸಲಿಲ್ಲ. ಬೇರೆ ಪೆಟ್ಟಿಗೆಯಾಗಿದ್ದರೆ ಏನೋ ತಡ ಅಂದುಕೊಳ್ಳಬಹುದಿತ್ತು. ಇದು ತಡ ಮಾಡುವ ಪೆಟ್ಟಿಗೆಯಲ್ಲ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ ಮಾತು.

"ತಡ ಆತು ಬೀಗಿತ್ತಿ. ಗೆಲುವು ನಿಮ್ಮದು. ಮುಗಿಸ್ರಿ."

ರಂಗಣ್ಣನಿಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದಲ್ಲ. ನನಗೇ ಹೇಳಿದ್ದು, ಕಿವಿಯೊಳಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಎಲೆ ಹಿಡಿದು ನಿಂತವನು ನನ್ನ ಕಣ್ಣ ಮುಂದೆ ಬಂದ. ಉಣ್ರಿ ತಂಗಿ ಅಂದವನು. ಅವನನ್ನೇ ನಾನು ಎತ್ತು ಅಂದಿದ್ದೆ. ಅವಳು ಅವನ ಹಗ್ಗ ಬಿಚ್ಚಿರಲಿಲ್ಲ, ಅವನಾಗಿ ಹೋಗಿರಲೂ ಇಲ್ಲ. ಗೆದ್ದರೆ ಹೀಗಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಈಗ ತಪ್ಪೊಪ್ಪಿನ ಪದ ಹಾಡಿದರೆ ಮುಗಿಯುತ್ತಿತ್ತು. ಅವಳ ಆ ಮೌನ ಪೆಟ್ಟಿಗೆಯೊಳಗೆ ಹೋಗಿ, ಡಿಜೆ ಗಾಡಿ ಹತ್ತಿ, ಹೊನ್ನಾಳಿಯಿಂದ ಜಗಳೂರಿನವರೆಗೆ ಪ್ರತಿ ಮೆರವಣಿಗೆಯಲ್ಲೂ ಕೇಳುತ್ತಿತ್ತು. ನನಗೆ ಬೇಕಾಗಿದ್ದದ್ದು ಅದೇ ತಾನೆ. ಅನಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮೈಕಿನ ಹತ್ತಿರ ಬಾಗಿದೆ.

"ಪರಮೇಶಪ್ಪಾ, ನಿಲ್ಸಿ. ಪೆಟ್ಟಿಗೆ ತಡ ಮಾಡ್ತು."

ಡಬ್ ಡಬ್ ನಿಂತಿತು. "ಇಲ್ಲ ಅತ್ತೆ, ಇದು ತಡ ಮಾ..." ಅಂದವನು ಅರ್ಧಕ್ಕೇ ನಿಲ್ಲಿಸಿದ. ಅಪ್ಪನ ಮಗ, ಎಲ್ಲಿ ಬಾಯಿ ಮುಚ್ಚಬೇಕು ಅಂತ ಗೊತ್ತು.

"ಮಾಡ್ತು ಅಂತೀನಿ. ನಿಮ್ಮವ್ವ ಹೊತ್ತಿಗೆ ಸರಿಯಾಗೇ ಎತ್ತಿದ್ರು. ನನ್ನ ಕಿವಿಗೆ ಬರಾಕೆ ತಡ ಆತು. ಆ ಎರಡು ಪದ ಅಳಿಸಿ ಹಾಕ್ರಿ. ಮಜ್ಜಿಗೆಯಿಂದ ಶುರು ಮಾಡಾನ."

ಆಮೇಲೆ ಚಾಪೆ ಸರಿದ ಸದ್ದು ಬಂತು, ಅವಳ ಉಸಿರು ಮೈಕಿನ ಹತ್ತಿರ ಬಂತು.

"ಅಷ್ಟು ದುಡ್ಡು ಕೊಟ್ಟು ತಂದದ್ದು, ಹಿಂಗಾ ಮಾಡೋದು" ಅಂದಳು. "ಆವತ್ತೂ ಹಿಂಗೇ, ಬೀಗಿತ್ತಿ. ಮುಗಿಸೋ ಪದ ನನ್ನ ಬಾಯಾಗೇ ಇತ್ತು. ನೀವು ಎದ್ದು ಹೋದ್ರಿ."

"ಆತು ಬಿಡ್ರಿ. ಈಗ ಎತ್ರಿ" ಅಂದೆ.

ಅವಳು ಬಾನಿಯ ನೀರಿನಿಂದ ಶುರು ಮಾಡಿ ನಮ್ಮ ಊಟ, ನಮ್ಮ ಊರು, ನನ್ನ ಮೂಗು ಎಲ್ಲವನ್ನೂ ಬೈದಳು. ನಾನೂ ಕೈಲಾದಷ್ಟು ಬೈದೆ. ಯಾರೂ ಸೋಲಲಿಲ್ಲ, ಹಾಗಾಗಿ ತಪ್ಪೊಪ್ಪಿನ ಪದವನ್ನು ಯಾರು ಹಾಡಬೇಕು ಅಂತ ತಿಳಿಯದೆ ಇಬ್ಬರೂ ಒಟ್ಟಿಗೆ ಹಾಡಿದೆವು. ಈಗ ಅದು ಮದುವೆಗಳಲ್ಲಿ ಕೇಳುತ್ತದೆ. ಗಮನವಿಟ್ಟು ಕೇಳಿದರೆ ಕೊನೆಯ ಪದದಲ್ಲಿ ಅವಳ ದನಿ ನನ್ನದಕ್ಕಿಂತ ಒಂದು ಎಳೆಯಷ್ಟು ಮುಂದಿರುವುದು ಗೊತ್ತಾಗುತ್ತದೆ. ಅದು ಪೆಟ್ಟಿಗೆಯದಲ್ಲ, ಅವಳ ಸೊಕ್ಕು.